ಜೈಲಿನಾಚೆಯ ಶಿಕ್ಷೆಗೆ ಹಣ ಕೊಡುವವರು ಯಾರು? ಅಮೆರಿಕದ ರಾಜ್ಯಗಳು ಹಿಡಿದ ಬೇರೆ ಬೇರೆ ದಾರಿಗಳು

ಅಮೆರಿಕದಲ್ಲಿ ಸೆರೆಮನೆಯ ಒಳಗಿರುವವರಿಗಿಂತ, ತಮ್ಮ ಮನೆಯಲ್ಲೇ ಇದ್ದುಕೊಂಡು ಶಿಕ್ಷೆಯ ಅವಧಿ ಪೂರೈಸುತ್ತಿರುವವರ ಸಂಖ್ಯೆಯೇ ದೊಡ್ಡದು. 2021ರ ಕೊನೆಯಲ್ಲಿ ಅಲ್ಲಿ ಬಂಧನದಲ್ಲಿದ್ದವರು ಸುಮಾರು 18 ಲಕ್ಷ ಜನರಾದರೆ, ಪ್ರೊಬೇಷನ್ ಅಥವಾ ಪೆರೋಲ್ ಮೇಲೆ ಹೊರಗಿದ್ದು ಸರ್ಕಾರದ ನಿಗಾದಲ್ಲಿದ್ದವರು ಸುಮಾರು 37 ಲಕ್ಷ. ಈ ಎರಡನೆಯ ಗುಂಪನ್ನು ನೋಡಿಕೊಳ್ಳುವ ಏರ್ಪಾಡಿಗೆ ಸಮುದಾಯ ಆಧಾರಿತ ಸುಧಾರಣಾ ವ್ಯವಸ್ಥೆ ಎನ್ನುತ್ತಾರೆ. ಒಂದೇ ದೇಶವಾದರೂ ಇದನ್ನು ನಡೆಸುವ ಬಗೆ ರಾಜ್ಯದಿಂದ ರಾಜ್ಯಕ್ಕೆ ಎಷ್ಟು ಬದಲಾಗುತ್ತದೆಂದರೆ, ಒಂದೇ ತಪ್ಪಿಗೆ ಒಂದೇ ಹೆಸರಿನ ಶಿಕ್ಷೆ ಪಡೆದ ಇಬ್ಬರಲ್ಲಿ ಒಬ್ಬ ಎರಡು ವರ್ಷಗಳಲ್ಲಿ ಎಲ್ಲದರಿಂದ ಮುಕ್ತನಾಗಬಹುದು, ಇನ್ನೊಬ್ಬ ಹತ್ತು ವರ್ಷ ಅಧಿಕಾರಿಯ ಮುಂದೆ ಹಾಜರಿ ಹಾಕುತ್ತಿರಬಹುದು. ಈ ವ್ಯತ್ಯಾಸಕ್ಕೆ ರಾಜ್ಯಗಳ ರಾಜಕೀಯ ಒಲವೇ ಕಾರಣ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಹೆಚ್ಚು ವಿವರಿಸುವುದು ಹಣದ ಲೆಕ್ಕ. ಒಬ್ಬ ವ್ಯಕ್ತಿಯನ್ನು ಹೊರಗೆ ಇಟ್ಟರೆ ಖರ್ಚು ಯಾರದು, ಒಳಗೆ ಹಾಕಿದರೆ ಯಾರದು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಈ ಗೋಜಲಿನ ಬಹುಪಾಲು ಬಿಡಿಸಿಕೊಳ್ಳುತ್ತದೆ.

ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಪ್ರೊಬೇಷನ್ ಎಂದರೆ ಅಪರಾಧ ಸಾಬೀತಾದ ಮೇಲೂ ನ್ಯಾಯಾಧೀಶರು ಸೆರೆವಾಸಕ್ಕೆ ಕಳುಹಿಸದೆ, ಷರತ್ತುಗಳನ್ನು ಹಾಕಿ ಹೊರಗೇ ಬಿಡುವುದು. ಪೆರೋಲ್ ಎಂದರೆ ಶಿಕ್ಷೆಯ ಒಂದು ಭಾಗವನ್ನು ಸೆರೆಮನೆಯಲ್ಲಿ ಕಳೆದವರನ್ನು ಉಳಿದ ಅವಧಿಗೆ ಷರತ್ತಿನ ಮೇಲೆ ಹೊರಗೆ ಬಿಡುವುದು. ನಮ್ಮಲ್ಲಿ ಮನೆಯ ಮದುವೆಗೋ ತಂದೆ-ತಾಯಿಯ ಕಾಯಿಲೆಗೋ ಕೆಲವು ದಿನಗಳ ಮಟ್ಟಿಗೆ ಕೊಡುವ ಪೆರೋಲ್‌ಗಿಂತ ಇದು ಬೇರೆಯದು. ಎರಡರಲ್ಲೂ ಷರತ್ತುಗಳ ಸ್ವರೂಪ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ನಿಗದಿತ ದಿನ ಅಧಿಕಾರಿಯನ್ನು ಕಾಣಬೇಕು, ಕೆಲಸದಲ್ಲಿರಬೇಕು, ಮಾದಕ ವಸ್ತುವಿನ ಪರೀಕ್ಷೆಗೆ ಒಪ್ಪಬೇಕು, ಅನುಮತಿಯಿಲ್ಲದೆ ಊರು ಬಿಡಬಾರದು, ದಂಡ ಮತ್ತು ಶುಲ್ಕ ಕಟ್ಟಬೇಕು. ಇವುಗಳಲ್ಲಿ ಯಾವುದನ್ನು ಮುರಿದರೂ ಪ್ರೊಬೇಷನ್ ಅಥವಾ ಪೆರೋಲ್ ರದ್ದಾಗಿ ವ್ಯಕ್ತಿ ಒಳಗೆ ಹೋಗಬಹುದು.

ಇನ್ನೊಂದು ವಿಂಗಡಣೆಯೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ ಜೈಲು ಬೇರೆ, ಕಾರಾಗೃಹ ಬೇರೆ. ಜೈಲು ಕೌಂಟಿಗೆ, ಅಂದರೆ ಸುಮಾರಾಗಿ ನಮ್ಮ ಜಿಲ್ಲೆಯನ್ನು ಹೋಲುವ ಆದರೆ ತನ್ನದೇ ಚುನಾಯಿತ ಆಡಳಿತ ಮತ್ತು ಬಜೆಟ್ ಇರುವ ಘಟಕಕ್ಕೆ ಸೇರಿದ್ದು; ವಿಚಾರಣೆ ಎದುರಿಸುತ್ತಿರುವವರೂ ಅಲ್ಪಾವಧಿಯ ಶಿಕ್ಷೆ ಪಡೆದವರೂ ಅಲ್ಲಿರುತ್ತಾರೆ. ಕಾರಾಗೃಹ ರಾಜ್ಯ ಸರ್ಕಾರದ್ದು. ದೀರ್ಘ ಶಿಕ್ಷೆಯವರು ಅಲ್ಲಿಗೆ ಹೋಗುತ್ತಾರೆ. ನ್ಯಾಯಾಧೀಶರು ಮತ್ತು ಸರ್ಕಾರಿ ಅಭಿಯೋಜಕರು ಬಹಳಷ್ಟು ಕಡೆ ಸ್ಥಳೀಯವಾಗಿಯೇ ಚುನಾಯಿತರಾದವರು. ಸಮಸ್ಯೆ ಹುಟ್ಟುವುದು ಇಲ್ಲಿಯೇ. ಒಬ್ಬ ಕಳ್ಳನನ್ನು ಕೌಂಟಿಯ ಪ್ರೊಬೇಷನ್‌ಗೆ ಹಾಕಿದರೆ ಅಧಿಕಾರಿಯ ಸಂಬಳ, ವ್ಯಸನಮುಕ್ತಿ ಚಿಕಿತ್ಸೆ, ತಪಾಸಣೆ ಇವೆಲ್ಲದರ ಹೊರೆ ಕೌಂಟಿಯ ಮೇಲೆ ಬೀಳುತ್ತದೆ. ಅದೇ ಮನುಷ್ಯನನ್ನು ರಾಜ್ಯದ ಕಾರಾಗೃಹಕ್ಕೆ ಕಳುಹಿಸಿದರೆ ಹಲವು ಪಟ್ಟು ಹೆಚ್ಚಿನ ಖರ್ಚು ಬರುತ್ತದಾದರೂ ಅದರ ಬಿಲ್ಲು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ತೀರ್ಪು ಕೊಡುವವರು ಒಬ್ಬರು, ಹಣ ತೆರುವವರು ಇನ್ನೊಬ್ಬರು. ಯಾರಲ್ಲೂ ಕೆಟ್ಟ ಉದ್ದೇಶವಿಲ್ಲದಿದ್ದರೂ ಈ ಲೆಕ್ಕ ಜನರನ್ನು ಕಾರಾಗೃಹದ ಕಡೆಗೇ ತಳ್ಳುತ್ತದೆ.

ಈ ವ್ಯವಸ್ಥೆ ಆರಂಭವಾದಾಗ ಹಣದ ಪ್ರಶ್ನೆಯೇ ಇರಲಿಲ್ಲ. 1841ರಲ್ಲಿ ಬಾಸ್ಟನ್ ನಗರದಲ್ಲಿ ಬೂಟು ತಯಾರಿಸುತ್ತಿದ್ದ ಜಾನ್ ಆಗಸ್ಟಸ್ ಎಂಬುವರು ಕುಡಿತದ ಆರೋಪದ ಮೇಲೆ ನ್ಯಾಯಾಲಯಕ್ಕೆ ಬಂದಿದ್ದ ಒಬ್ಬನಿಗೆ ತಾವೇ ಜಾಮೀನು ನಿಂತರು. ಆತ ಕುಡಿತ ಬಿಟ್ಟು ಮರಳಿ ಬಂದಾಗ ನ್ಯಾಯಾಧೀಶರು ಹೆಸರಿಗಷ್ಟೇ ದಂಡ ಹಾಕಿ ಬಿಟ್ಟುಬಿಟ್ಟರು. ಮುಂದಿನ ವರ್ಷಗಳಲ್ಲಿ ಆಗಸ್ಟಸ್ ಇಂಥ ನೂರಾರು ಜನರ ಹೊಣೆಯನ್ನು ತಮ್ಮ ಕೈಯಿಂದಲೇ ಹಣ ಹಾಕಿ ಹೊತ್ತರು. ಅವರು ತೀರಿಕೊಂಡ ಸುಮಾರು ಎರಡು ದಶಕಗಳ ನಂತರ, 1878ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಸಂಬಳದ ಪ್ರೊಬೇಷನ್ ಅಧಿಕಾರಿಯನ್ನು ನೇಮಿಸುವ ಕಾನೂನು ತಂದಿತು. ಒಬ್ಬ ವ್ಯಕ್ತಿಯ ದಯೆಯಾಗಿದ್ದದ್ದು ಹೀಗೆ ಸರ್ಕಾರದ ಕೆಲಸವಾಯಿತು, ಆಗ ಖರ್ಚಿನ ಬಾಬತ್ತೂ ಜೊತೆಗೆ ಬಂತು.

ತೀರ್ಪು ಒಬ್ಬರದು, ಖರ್ಚು ಇನ್ನೊಬ್ಬರದು ಎಂಬ ಈ ತಿರುಚನ್ನು ಗುರುತಿಸಿ ಸರಿಪಡಿಸಲು ಮೊದಲು ಕೈಹಾಕಿದ ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾ ಒಂದು. 1965ರ ಕಾನೂನಿನ ಪ್ರಕಾರ, ಒಂದು ಕೌಂಟಿ ಹಿಂದಿನ ಸರಾಸರಿಗಿಂತ ಕಡಿಮೆ ಜನರನ್ನು ರಾಜ್ಯದ ಸಂಸ್ಥೆಗಳಿಗೆ ಕಳುಹಿಸಿದರೆ, ಹಾಗೆ ಕಳುಹಿಸದೆ ಉಳಿಸಿಕೊಂಡ ಪ್ರತಿಯೊಬ್ಬನಿಗೂ 4,000 ಡಾಲರ್‌ವರೆಗೆ ರಾಜ್ಯವು ಕೌಂಟಿಗೆ ಕೊಡುತ್ತಿತ್ತು. ಅಂದಿನ ಲೆಕ್ಕದಲ್ಲಿ ಅದು ದೊಡ್ಡ ಮೊತ್ತವೇ.

ಮಿನ್ನೆಸೋಟ ಇದನ್ನು ಇನ್ನೂ ಗಟ್ಟಿಯಾದ ರೂಪದಲ್ಲಿ ಕಟ್ಟಿತು. ಅಲ್ಲಿ 1973ರಲ್ಲಿ ಬಂದ ಸಮುದಾಯ ಸುಧಾರಣಾ ಕಾನೂನು ಆ ನಂತರ ಹಲವು ರಾಜ್ಯಗಳಿಗೆ ಮಾದರಿಯಾಯಿತು. ಅದರ ರಚನೆ ಸರಳವಾಗಿತ್ತು. ಕೌಂಟಿಗಳು, ಸಣ್ಣವಾದರೆ ಅಕ್ಕಪಕ್ಕದವರು ಕೂಡಿಕೊಂಡು, ಸ್ಥಳೀಯ ಸಲಹಾ ಮಂಡಳಿ ರಚಿಸಿ ತಮ್ಮ ಪ್ರೊಬೇಷನ್ ವ್ಯವಸ್ಥೆಗೆ ಒಂದು ಯೋಜನೆ ಸಿದ್ಧಪಡಿಸಬೇಕು. ರಾಜ್ಯ ಅದಕ್ಕೆ ಅನುದಾನ ಕೊಡುತ್ತದೆ. ಆದರೆ ಹಾಗೆ ಸೇರಿದ ಕೌಂಟಿಯು ಐದು ವರ್ಷದ ಒಳಗಿನ ಶಿಕ್ಷೆಗೆ ಅರ್ಹವಾದ ಅಪರಾಧಿಯನ್ನು ರಾಜ್ಯದ ಕಾರಾಗೃಹಕ್ಕೆ ಕಳುಹಿಸಿದರೆ ಅವನ ಅಲ್ಲಿನ ದಿನಗಳ ವೆಚ್ಚವನ್ನು ಆ ಅನುದಾನದಿಂದಲೇ ಕಳೆಯಲಾಗುತ್ತಿತ್ತು. ಉತ್ತೇಜನವೂ ದಂಡವೂ ಒಂದೇ ಕಾನೂನಿನಲ್ಲಿದ್ದವು. ಮುಂದೆ ರಾಜ್ಯವು ಶಿಕ್ಷೆಯ ಪ್ರಮಾಣಕ್ಕೆ ಒಂದು ಆಯೋಗ ನೇಮಿಸಿ, 1980ರ ಮೇ ತಿಂಗಳಿಂದ ಮಾರ್ಗಸೂಚಿಗಳನ್ನು ಜಾರಿಗೆ ತಂದು, ಯಾವ ಅಪರಾಧಕ್ಕೆ ಕಾರಾಗೃಹ, ಯಾವುದಕ್ಕೆ ಪ್ರೊಬೇಷನ್ ಎಂಬುದನ್ನು ಕೋಷ್ಟಕದ ರೂಪದಲ್ಲಿ ಬರೆದಿಟ್ಟಿತು. ಕಾರಾಗೃಹದ ಜಾಗವೆಷ್ಟಿದೆ ಎಂಬುದನ್ನೂ ಆ ಆಯೋಗ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆ ಕಾಲಕ್ಕೆ ಅದು ಅಪರೂಪದ ಶಿಸ್ತು.

ಫಲವಾಗಿ ಮಿನ್ನೆಸೋಟ ದಶಕಗಳ ಕಾಲ ಇಡೀ ದೇಶದಲ್ಲೇ ಅತಿ ಕಡಿಮೆ ಜನರನ್ನು ಕಾರಾಗೃಹಕ್ಕೆ ಹಾಕುವ ರಾಜ್ಯಗಳ ಸಾಲಿನಲ್ಲಿ ನಿಂತಿತು. ಆದರೆ ಇದೇ ರಾಜ್ಯ ಪ್ರೊಬೇಷನ್ ಪ್ರಮಾಣದಲ್ಲಿ ಮೇಲಿನ ಸಾಲಿನಲ್ಲಿತ್ತು ಎಂಬುದನ್ನೂ ಒಟ್ಟಿಗೆ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಗಂಭೀರ ಅಪರಾಧಗಳಲ್ಲಿ ಪ್ರೊಬೇಷನ್ ಅವಧಿ, ಆ ಅಪರಾಧಕ್ಕೆ ಕಾನೂನಿನಲ್ಲಿರುವ ಗರಿಷ್ಠ ಸೆರೆವಾಸದಷ್ಟೇ ಉದ್ದವಾಗಿರಲು ಅವಕಾಶವಿತ್ತು. ಎಷ್ಟು ವರ್ಷ ಎಂಬುದನ್ನು ಮಾರ್ಗಸೂಚಿ ಹೇಳದೆ ನ್ಯಾಯಾಧೀಶರಿಗೆ ಬಿಟ್ಟಿದ್ದರಿಂದ, ಒಂದೇ ರಾಜ್ಯದ ಒಂದು ನ್ಯಾಯಿಕ ಜಿಲ್ಲೆಯಲ್ಲಿ ಮೂರು ವರ್ಷವಾಗಿದ್ದದ್ದು ಇನ್ನೊಂದರಲ್ಲಿ ಹತ್ತು ವರ್ಷವಾಗುತ್ತಿತ್ತು. ಕೊನೆಗೆ ಆಯೋಗವೇ 2020ರಲ್ಲಿ ಬಹುಪಾಲು ಗಂಭೀರ ಅಪರಾಧಗಳಿಗೆ ಐದು ವರ್ಷದ ಮಿತಿ ಹಾಕಿತು; 2023ರಲ್ಲಿ ಶಾಸನಸಭೆ ಅದನ್ನು ಕಾನೂನಿನಲ್ಲೇ ಸೇರಿಸಿ ಹಿಂದಿನ ಪ್ರಕರಣಗಳಿಗೂ ಅನ್ವಯಿಸಿತು. ನರಹತ್ಯೆ, ಲೈಂಗಿಕ ಅಪರಾಧಗಳಂಥವನ್ನು ಹೊರಗಿಡಲಾಯಿತು. ಕೌಂಟಿಗಳಿಗೆ ಹಣ ಹಂಚುವ ಸೂತ್ರವನ್ನೂ ಅದೇ ವರ್ಷ ಬದಲಿಸಲಾಯಿತು. ಯಾಕೆಂದರೆ ಅಲ್ಲಿ ಪ್ರೊಬೇಷನ್ ನಡೆಸುವ ಮೂರು ಬಗೆಯ ಏರ್ಪಾಡುಗಳು ಬೆಳೆದು ಬಂದಿದ್ದವು: ಕೆಲವು ಕಡೆ ಪೂರ್ತಿ ಕೌಂಟಿಯದೇ, ಕೆಲವು ಕಡೆ ಪೂರ್ತಿ ರಾಜ್ಯದ್ದೇ, ಇನ್ನು ಕೆಲವು ಕಡೆ ಸಣ್ಣಪುಟ್ಟ ಪ್ರಕರಣಗಳು ಕೌಂಟಿಗೆ, ದೊಡ್ಡವು ರಾಜ್ಯಕ್ಕೆ. ಯಾವ ಬಗೆಯಲ್ಲಿದ್ದೀರಿ ಎಂಬುದರ ಮೇಲೆ ಸಿಗುವ ಹಣವೂ ಬದಲಾಗುತ್ತಿತ್ತು.

ಜಾರ್ಜಿಯಾ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಅಲ್ಲಿನ ಕಥೆಯನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಖರ್ಚನ್ನು ಶಿಕ್ಷೆಗೊಳಗಾದವನ ತಲೆಗೇ ಕಟ್ಟಿದರೆ ಏನಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುವಂತಿದೆ. 2016ರ ಅಂಕಿಅಂಶದ ಪ್ರಕಾರ ಇಡೀ ಅಮೆರಿಕದಲ್ಲಿ 55 ವಯಸ್ಕರಲ್ಲಿ ಒಬ್ಬರು ಪ್ರೊಬೇಷನ್ ಅಥವಾ ಪೆರೋಲ್ ಮೇಲಿದ್ದರೆ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ 168ರಲ್ಲಿ ಒಬ್ಬರು, ಜಾರ್ಜಿಯಾದಲ್ಲಿ 18ರಲ್ಲಿ ಒಬ್ಬರು ಇದ್ದರು. ಜಾರ್ಜಿಯಾದ ಲೆಕ್ಕದಲ್ಲಿ ಎರಡು ಪ್ರಕರಣಗಳಿದ್ದ ಒಬ್ಬನೇ ವ್ಯಕ್ತಿ ಎರಡು ಸಲ ಎಣಿಕೆಯಾಗುವ ಸಾಧ್ಯತೆ ಇದ್ದುದರಿಂದ ಈ ಸಂಖ್ಯೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಆದರೂ ಅದು ದೇಶದ ಮೊದಲ ಸ್ಥಾನದಲ್ಲಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಅಲ್ಲಿ ಬಹುತೇಕ ಸಂಚಾರ ನಿಯಮ ಉಲ್ಲಂಘನೆಗಳು ಕೂಡ ಕ್ರಿಮಿನಲ್ ಕಾನೂನಿನ ಲಘು ಅಪರಾಧಗಳೇ. 2001ರಿಂದ ರಾಜ್ಯವು ಲಘು ಅಪರಾಧಗಳ ಪ್ರೊಬೇಷನ್ ಮೇಲ್ವಿಚಾರಣೆಯಿಂದ ಕೈತೊಳೆದುಕೊಂಡು ಅದನ್ನು ಕೌಂಟಿ ಮತ್ತು ನಗರಗಳಿಗೆ ಬಿಟ್ಟಿತು. ಹಣವಿಲ್ಲದ ಸ್ಥಳೀಯ ಸಂಸ್ಥೆಗಳಲ್ಲಿ ಅನೇಕವು ಖಾಸಗಿ ಕಂಪನಿಗಳೊಂದಿಗೆ ಗುತ್ತಿಗೆ ಮಾಡಿಕೊಂಡವು. ಕಂಪನಿಗೆ ಕೌಂಟಿ ಏನನ್ನೂ ಕೊಡಬೇಕಾಗಿರಲಿಲ್ಲ. ಕಂಪನಿಯ ಆದಾಯವೆಲ್ಲ ಪ್ರೊಬೇಷನ್‌ನಲ್ಲಿದ್ದವನು ತಿಂಗಳು ತಿಂಗಳು ಕಟ್ಟುವ ಮೇಲ್ವಿಚಾರಣಾ ಶುಲ್ಕದಿಂದಲೇ ಬರುತ್ತಿತ್ತು. ಇನ್ನೂರು ಡಾಲರ್ ದಂಡವನ್ನು ಅಂದೇ ಕಟ್ಟಬಲ್ಲವನು ಕಟ್ಟಿ ಮನೆಗೆ ಹೋಗುತ್ತಿದ್ದ. ಕಟ್ಟಲಾಗದವನು ಕಂತಿನಲ್ಲಿ ತೀರಿಸುವುದಕ್ಕಾಗಿಯೇ ಪ್ರೊಬೇಷನ್‌ಗೆ ಬೀಳುತ್ತಿದ್ದ, ಕಂತಿನ ಜೊತೆಗೆ ಪ್ರತಿ ತಿಂಗಳ ಶುಲ್ಕವನ್ನೂ ತೆರುತ್ತಿದ್ದ, ಕಂತು ತಪ್ಪಿದರೆ ಬಂಧನದ ವಾರಂಟ್ ಎದುರಿಸುತ್ತಿದ್ದ. ಬಡವನಿಗೆ ಒಂದೇ ತಪ್ಪು ಹೆಚ್ಚು ದುಬಾರಿಯಾಗುತ್ತಿತ್ತು, ಹೆಚ್ಚು ಕಾಲ ಹಿಡಿಯುತ್ತಿತ್ತು. ಇದನ್ನು ನ್ಯಾಯ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಇನ್ನೂ ನೋವಿನ ಸಂಗತಿಯೆಂದರೆ, ಹೀಗೆ ಮಾಡಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಜಾರ್ಜಿಯಾದ ಪ್ರಕರಣವೊಂದರಲ್ಲಿ, ಅದೂ 1983ರಲ್ಲಿ. ಬೇರ್ಡನ್ ವಿರುದ್ಧ ಜಾರ್ಜಿಯಾ ಎಂದು ಪ್ರಸಿದ್ಧವಾದ ಆ ಪ್ರಕರಣದಲ್ಲಿ ಪ್ರೊಬೇಷನ್ ಪಡೆದಿದ್ದವನಿಗೆ 500 ಡಾಲರ್ ದಂಡ ಮತ್ತು 250 ಡಾಲರ್ ಪರಿಹಾರ ಕಟ್ಟಲು ಹೇಳಲಾಗಿತ್ತು. ಓದು ಬಾರದ ಆ ಮನುಷ್ಯ ತಂದೆ-ತಾಯಿಯಿಂದ ಸಾಲ ಪಡೆದು ಮೊದಲ 200 ಡಾಲರ್ ಕಟ್ಟಿದ್ದ. ಅಷ್ಟರಲ್ಲಿ ಕೆಲಸ ಹೋಯಿತು, ಹುಡುಕಿದರೂ ಬೇರೆ ಕೆಲಸ ಸಿಗಲಿಲ್ಲ. ಉಳಿದದ್ದನ್ನು ಗಡುವಿನೊಳಗೆ ಕಟ್ಟಲಿಲ್ಲವೆಂದು ಪ್ರೊಬೇಷನ್ ರದ್ದುಮಾಡಿ ಅವನನ್ನು ಸೆರೆಗೆ ಕಳುಹಿಸಲಾಯಿತು. ಕಟ್ಟುವ ಶಕ್ತಿ ಇದ್ದೂ ಕಟ್ಟದವನು ಯಾರು, ಶಕ್ತಿಯೇ ಇಲ್ಲದವನು ಯಾರು ಎಂದು ವಿಚಾರಿಸದೆ, ಬೇರೆ ಶಿಕ್ಷೆ ಸಾಕಾಗುತ್ತದೆಯೇ ಎಂದು ಯೋಚಿಸದೆ ಹೀಗೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟ್ ತೀರ್ಪಿತ್ತಿತು. ಆದರೆ ಲಘು ಅಪರಾಧಗಳ ಕೋರ್ಟಿನಲ್ಲಿ ಒಂದೇ ಬೆಳಗಿನಲ್ಲಿ ಹತ್ತಾರು ಪ್ರಕರಣಗಳು ಬರುತ್ತವೆ, ಬಹಳ ಜನರಿಗೆ ವಕೀಲರಿರುವುದಿಲ್ಲ. ಅಲ್ಲಿ ಈ ವಿಚಾರಣೆ ನಡೆಯಬೇಕಾದರೆ ಯಾರಾದರೂ ಕೇಳಬೇಕು. ಕೇಳಬೇಕಾದ ಮೇಲ್ವಿಚಾರಕನ ಸಂಬಳವೇ ಆ ಶುಲ್ಕದಿಂದ ಬರುತ್ತಿದ್ದಾಗ ಅದು ಎಷ್ಟರಮಟ್ಟಿಗೆ ನಡೆದೀತು?

ಬದಲಾವಣೆ ಬಂದದ್ದು 2015ರಲ್ಲಿ. ರಾಜ್ಯವು ಪ್ರೊಬೇಷನ್ ಮತ್ತು ಪೆರೋಲ್‌ಗಳ ಮೇಲ್ವಿಚಾರಣೆಯನ್ನು ಒಂದುಗೂಡಿಸಿ ಸಮುದಾಯ ಮೇಲ್ವಿಚಾರಣಾ ಇಲಾಖೆಯನ್ನು ಸ್ಥಾಪಿಸಿತು, ಖಾಸಗಿ ಸಂಸ್ಥೆಗಳ ಮೇಲಿನ ನಿಗಾ ಬಿಗಿಯಾಯಿತು, ದಂಡ ಕಟ್ಟಲಾಗದ ಒಂದೇ ಕಾರಣಕ್ಕೆ ಪ್ರೊಬೇಷನ್‌ನಲ್ಲಿರುವವರಿಂದ ಮೂರು ತಿಂಗಳಿಗಿಂತ ಹೆಚ್ಚು ಮೇಲ್ವಿಚಾರಣಾ ಶುಲ್ಕ ವಸೂಲು ಮಾಡಬಾರದೆಂಬ ಮಿತಿ ಬಂತು. 2021ರಲ್ಲಿ ಇನ್ನೊಂದು ಕಾನೂನು, ಗಂಭೀರ ಅಪರಾಧಗಳಲ್ಲೂ ಅರ್ಹರಾದವರು ಮೂರು ವರ್ಷ ಸರಿಯಾಗಿ ನಡೆದುಕೊಂಡರೆ ಅವಧಿಗೆ ಮುಂಚೆಯೇ ಮುಕ್ತರಾಗುವ ದಾರಿ ತೆರೆಯಿತು. ಈ ಎರಡನ್ನೂ ತಂದದ್ದು ರಿಪಬ್ಲಿಕನ್ ಪಕ್ಷದ ಆಡಳಿತ ಎಂಬುದನ್ನು ಗಮನಿಸಬೇಕು.

ಟೆಕ್ಸಾಸ್‌ಗೆ ಬಂದರೆ ಪಕ್ಷದ ಲೆಕ್ಕಾಚಾರ ಇನ್ನೂ ಸಡಿಲವಾಗುತ್ತದೆ. ಕಠಿಣ ಶಿಕ್ಷೆಗೆ ಹೆಸರಾದ ಆ ರಾಜ್ಯಕ್ಕೆ 2007ರಲ್ಲಿ ಒಂದು ಅಂದಾಜು ಬಂದಿತು: ಹೀಗೇ ನಡೆದರೆ ಐದು ವರ್ಷಗಳಲ್ಲಿ ಇನ್ನೂ ಸುಮಾರು 17,000 ಕೈದಿಗಳಿಗೆ ಜಾಗ ಬೇಕಾಗುತ್ತದೆ. ಹೊಸ ಕಾರಾಗೃಹಗಳಿಗೆ ಹಣ ಸುರಿಯುವ ಬದಲು, ರಿಪಬ್ಲಿಕನ್ ಪ್ರತಿನಿಧಿ ಜೆರ್ರಿ ಮ್ಯಾಡನ್ ಮತ್ತು ಡೆಮಾಕ್ರಟಿಕ್ ಸೆನೆಟರ್ ಜಾನ್ ವಿಟ್‌ಮೈರ್ ಕೂಡಿ, ಜನ ಮತ್ತೆ ಮತ್ತೆ ಒಳಗೆ ಬರುತ್ತಿರುವುದು ಯಾಕೆ ಎಂದು ಹುಡುಕಿದರು. ಮಾದಕ ವ್ಯಸನದ ಚಿಕಿತ್ಸೆಗೆ ಸರತಿಯಲ್ಲಿ ಕಾಯುತ್ತಿದ್ದವರು, ಮಾನಸಿಕ ಕಾಯಿಲೆಗೆ ಔಷಧವಿಲ್ಲದವರು, ಷರತ್ತು ಮುರಿದರೆ ಕಾರಾಗೃಹವಲ್ಲದೆ ಬೇರೆ ದಾರಿಯೇ ಇಲ್ಲದವರು ಅಲ್ಲಿ ಕಂಡುಬಂದರು. ಶಾಸನಸಭೆ 24.1 ಕೋಟಿ ಡಾಲರ್‌ಗಳನ್ನು ಚಿಕಿತ್ಸಾ ಕೇಂದ್ರ, ಸೆರೆಯಿಂದ ಹೊರಬಂದವರು ಸಮಾಜಕ್ಕೆ ಮರಳುವ ಮುನ್ನ ತಂಗುವ ಅರ್ಧದಾರಿ ಮನೆ ಮತ್ತು ಷರತ್ತು ಮುರಿದವರನ್ನು ಕಾರಾಗೃಹದ ಬದಲು ಅಲ್ಪಕಾಲ ಇರಿಸುವ ಮಧ್ಯಂತರ ವಸತಿಗಳಿಗೆ ಕೊಟ್ಟಿತು. ಕೆಲವು ವರ್ಗದ ಅಪರಾಧಗಳಿಗೆ ಪ್ರೊಬೇಷನ್‌ನ ಗರಿಷ್ಠ ಅವಧಿಯನ್ನು ಹತ್ತರಿಂದ ಐದು ವರ್ಷಕ್ಕೆ ಇಳಿಸಿತು. ಕೈದಿಗಳ ಸಂಖ್ಯೆ ಅಂದಾಜಿನಂತೆ ಏರಲಿಲ್ಲ. 2011ರಲ್ಲಿ, ಇಂದು ಭಾರತೀಯ ಕುಟುಂಬಗಳು ಬಹಳವಾಗಿ ನೆಲೆಸಿರುವ ಹ್ಯೂಸ್ಟನ್ ಬಳಿಯ ಶುಗರ್ ಲ್ಯಾಂಡ್ ಊರಿನಲ್ಲಿದ್ದ ನೂರು ವರ್ಷ ಹಳೆಯ ಕಾರಾಗೃಹವೊಂದು ಮುಚ್ಚಿತು.

ಆದರೂ ಟೆಕ್ಸಾಸನ್ನು ಮಾದರಿ ಎಂದು ಹೊಗಳುವ ಮುನ್ನ ಒಂದು ಮಾತು ಹೇಳಬೇಕು. ಅಲ್ಲಿ ಪ್ರೊಬೇಷನ್ ನಡೆಸುವುದು ಸ್ಥಳೀಯ ನ್ಯಾಯಾಧೀಶರ ಕೈಕೆಳಗಿನ ಇಲಾಖೆಗಳು. ರಾಜ್ಯದ ಅನುದಾನದ ಜೊತೆಗೆ, ಪ್ರೊಬೇಷನ್‌ನಲ್ಲಿರುವವರು ತಿಂಗಳಿಗೆ 25ರಿಂದ 60 ಡಾಲರ್‌ವರೆಗೆ ಕಟ್ಟುವ ಶುಲ್ಕವೂ ಆ ಇಲಾಖೆಗಳ ಬಜೆಟ್ಟಿನ ಆಧಾರಸ್ತಂಭ. ಷರತ್ತುಗಳನ್ನು ಸರಿಯಾಗಿ ಪಾಲಿಸಿ, ಶುಲ್ಕವನ್ನೂ ತಪ್ಪದೆ ಕಟ್ಟುವ ವ್ಯಕ್ತಿಯನ್ನು ಬೇಗ ಬಿಟ್ಟರೆ ಇಲಾಖೆಯ ಆದಾಯ ಕಡಿಮೆಯಾಗುತ್ತದೆ. ಬೇಗ ಬಿಡುಗಡೆಯಾಗಲು ಅತ್ಯಂತ ಯೋಗ್ಯನಾದವನೇ ಇಲಾಖೆಗೆ ಬೇಕಾದವನೂ ಆಗಿಬಿಡುವ ಇಕ್ಕಟ್ಟು ಇದು.

ಈ ಇಕ್ಕಟ್ಟನ್ನು ನೇರವಾಗಿ ಮುರಿದದ್ದು ಮತ್ತೆ ಕ್ಯಾಲಿಫೋರ್ನಿಯಾ. 1965ರ ಯೋಜನೆ 1970ರ ದಶಕದ ಕೊನೆಯ ಹೊತ್ತಿಗೆ ನಿಂತುಹೋಗಿ, ಮುಂದಿನ ಮೂರು ದಶಕಗಳಲ್ಲಿ ರಾಜ್ಯ ಕಾರಾಗೃಹದ ಮೇಲೆ ಕಾರಾಗೃಹ ಕಟ್ಟಿತ್ತು. 2009ರಲ್ಲಿ ಹಳೆಯ ಯೋಚನೆ ಹೊಸ ಕಾನೂನಾಗಿ ಮರಳಿತು: ಪ್ರೊಬೇಷನ್ ವಿಫಲವಾಗಿ ರಾಜ್ಯದ ಕಾರಾಗೃಹಕ್ಕೆ ಬರುವವರ ಪ್ರಮಾಣವನ್ನು ಕೌಂಟಿ ಇಳಿಸಿದರೆ, ಉಳಿತಾಯದ ಒಂದು ಪಾಲನ್ನು ರಾಜ್ಯ ಕೌಂಟಿಗೆ ಕೊಡುತ್ತದೆ. ಹಿಂದಿನ ವರ್ಷಗಳಲ್ಲಿ ಸರಾಸರಿ 7.9 ಪ್ರತಿಶತ ಇದ್ದ ಆ ಪ್ರಮಾಣ 2010ರಲ್ಲೇ 6.1ಕ್ಕೆ ಇಳಿಯಿತು. ಕಾನೂನು ಯಾರನ್ನೂ ಬಿಡುಗಡೆ ಮಾಡಿರಲಿಲ್ಲ, ಯಾವ ಶಿಕ್ಷೆಯನ್ನೂ ಕಡಿಮೆ ಮಾಡಿರಲಿಲ್ಲ. ಬದಲಾದದ್ದು ಹಣ ಹರಿಯುವ ದಿಕ್ಕು ಮಾತ್ರ.

ಅಷ್ಟು ಸಾಕಾಗಲಿಲ್ಲ. ರಾಜ್ಯದ ಕಾರಾಗೃಹಗಳಲ್ಲಿ ಕಟ್ಟಿದ ಸಾಮರ್ಥ್ಯದ ಹತ್ತಿರ ಹತ್ತಿರ ಎರಡು ಪಟ್ಟು ಕೈದಿಗಳಿದ್ದರು, ಚಿಕಿತ್ಸೆ ಸಿಗದೆ ಸಾಯುತ್ತಿದ್ದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಬ್ರೌನ್ ವಿರುದ್ಧ ಪ್ಲಾಟಾ ಪ್ರಕರಣದಲ್ಲಿ, ಕೈದಿಗಳ ಸಂಖ್ಯೆಯನ್ನು ಸಾಮರ್ಥ್ಯದ 137.5 ಪ್ರತಿಶತಕ್ಕೆ ಇಳಿಸಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಅದೇ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮರುಹೊಂದಾಣಿಕೆ ಕಾನೂನು, ಹಿಂಸೆಯಿಲ್ಲದ, ಗಂಭೀರವಲ್ಲದ, ಲೈಂಗಿಕವಲ್ಲದ ಅಪರಾಧ ಎಸಗಿದವರ ಶಿಕ್ಷೆಯನ್ನೂ, ಅಂಥ ಅಪರಾಧಕ್ಕಾಗಿ ಕಾರಾಗೃಹದಲ್ಲಿದ್ದು ಹೊರಬಂದವರ ಮೇಲ್ವಿಚಾರಣೆಯನ್ನೂ ಕೌಂಟಿಗಳಿಗೆ ವರ್ಗಾಯಿಸಿ, ಜೊತೆಗೆ ಹಣವನ್ನೂ ಕೊಟ್ಟಿತು. ಷರತ್ತು ಮುರಿದವರಲ್ಲಿ ಹೆಚ್ಚಿನವರು ಇನ್ನು ಮುಂದೆ ರಾಜ್ಯದ ಕಾರಾಗೃಹಕ್ಕೆ ಮರಳುವಂತಿರಲಿಲ್ಲ. ಕೌಂಟಿಯ ಜೈಲಿನಲ್ಲೇ ಅಲ್ಪಕಾಲ ಇರಬೇಕಿತ್ತು. ರಾಜ್ಯದ 58 ಕೌಂಟಿಗಳು ಈ ಹಣವನ್ನು 58 ಬಗೆಯಲ್ಲಿ ಬಳಸಿದವು. ಕೆಲವು ಚಿಕಿತ್ಸೆ ಮತ್ತು ವಸತಿಗೆ ಹಾಕಿದವು, ಕೆಲವು ಜೈಲಿನ ಹಾಸಿಗೆಗಳನ್ನು ಹೆಚ್ಚಿಸಿಕೊಂಡವು. ವರ್ಷಗಟ್ಟಲೆ ಜನರನ್ನು ಇಟ್ಟುಕೊಳ್ಳಲು ಕಟ್ಟಿರದ ಜೈಲುಗಳಲ್ಲಿ ಒತ್ತಡ ಹೆಚ್ಚಿತು. ಹಿಂಸಾತ್ಮಕ ಅಪರಾಧ ಏರಿತೇ ಎಂದು ಹುಡುಕಿದ ಸಂಶೋಧಕರಿಗೆ ಅಂಥ ಪರಿಣಾಮ ಕಾಣಲಿಲ್ಲ, ಆದರೆ ವಾಹನ ಕಳವು ಹೆಚ್ಚಿದ್ದು ಕಂಡಿತು. ಎರಡನ್ನೂ ಹೇಳುವುದೇ ಪ್ರಾಮಾಣಿಕತೆ. 2021ರ ಜನವರಿಯಿಂದ ಅಲ್ಲಿ ಬಹುಪಾಲು ಲಘು ಅಪರಾಧಗಳಿಗೆ ಒಂದು ವರ್ಷ, ಗಂಭೀರ ಅಪರಾಧಗಳಿಗೆ ಎರಡು ವರ್ಷ ಪ್ರೊಬೇಷನ್‌ನ ಮಿತಿಯಾಗಿದೆ. ಅದೇ ವರ್ಷದ ಜುಲೈನಿಂದ ಪ್ರೊಬೇಷನ್ ಶುಲ್ಕಗಳು ರದ್ದಾಗಿವೆ.

ಷರತ್ತು ಮುರಿದರೆ ಏನು ಮಾಡಬೇಕು ಎಂಬ ಪ್ರಶ್ನೆ ಇಷ್ಟು ದೊಡ್ಡದಾಗಲು ಕಾರಣವಿದೆ. 2019ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ವರದಿಯ ಪ್ರಕಾರ ರಾಜ್ಯಗಳ ಕಾರಾಗೃಹಗಳಿಗೆ ಹೊಸದಾಗಿ ಸೇರುವವರಲ್ಲಿ 45 ಪ್ರತಿಶತ ಜನ ಪ್ರೊಬೇಷನ್ ಅಥವಾ ಪೆರೋಲ್ ಷರತ್ತಿನ ಉಲ್ಲಂಘನೆಯಿಂದ ಬಂದವರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೊಸ ಅಪರಾಧವನ್ನೇ ಮಾಡಿರಲಿಲ್ಲ. ಹಾಜರಿ ತಪ್ಪಿಸಿದ್ದರು, ಪರೀಕ್ಷೆಯಲ್ಲಿ ಮಾದಕ ವಸ್ತು ಪತ್ತೆಯಾಗಿತ್ತು, ವಿಳಾಸ ಬದಲಿಸಿ ತಿಳಿಸಿರಲಿಲ್ಲ. ಕಾರಾಗೃಹದ ಬದಲಿ ಎಂದು ಕಟ್ಟಿದ ವ್ಯವಸ್ಥೆಯೇ ಕಾರಾಗೃಹಕ್ಕೆ ಜನರನ್ನು ಒದಗಿಸುತ್ತಿತ್ತು.

ಹವಾಯಿಯಲ್ಲಿ ನ್ಯಾಯಾಧೀಶ ಸ್ಟೀವನ್ ಆಲ್ಮ್ 2004ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಪ್ರೊಬೇಷನ್ ಅಧಿಕಾರಿಗಳು ಹತ್ತು ತಪ್ಪುಗಳನ್ನು ಕಂಡೂ ಕಾಣದಂತೆ ಬಿಟ್ಟು ಹನ್ನೊಂದನೆಯದಕ್ಕೆ ವರ್ಷಗಟ್ಟಲೆ ಸೆರೆಗೆ ಶಿಫಾರಸು ಮಾಡುವುದಕ್ಕಿಂತ, ಮೊದಲ ತಪ್ಪಿಗೇ ತಕ್ಷಣ ಕೆಲವೇ ದಿನಗಳ ಜೈಲು ಕೊಡುವುದು ಮೇಲು ಎಂಬುದು ಅವರ ವಾದ. ಮೊದಲ ಅಧ್ಯಯನದ ಫಲಿತಾಂಶ ಅದ್ಭುತವಾಗಿತ್ತು, ಆ ಕಾರ್ಯಕ್ರಮದಲ್ಲಿದ್ದವರು ಹೊಸ ಅಪರಾಧಕ್ಕೆ ಬಂಧಿತರಾಗುವುದು 55 ಪ್ರತಿಶತ ಕಡಿಮೆಯಾಗಿತ್ತು. ಹಲವು ರಾಜ್ಯಗಳು ಅದನ್ನು ಎತ್ತಿಕೊಂಡವು. ಆದರೆ ಅರ್ಕಾನ್ಸಾಸ್, ಮ್ಯಾಸಚೂಸೆಟ್ಸ್, ಓರೆಗಾನ್ ಮತ್ತು ಟೆಕ್ಸಾಸ್‌ಗಳ ತಲಾ ಒಂದು ಕೌಂಟಿಯಲ್ಲಿ 1,500ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲ 2016ರಲ್ಲಿ ಹೊರಬಂದಾಗ, ಸಾಮಾನ್ಯ ಪ್ರೊಬೇಷನ್‌ಗೂ ಇದಕ್ಕೂ ಮರು ಅಪರಾಧದ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹವಾಯಿಯ ರಾಜಧಾನಿ ಹೊನೊಲುಲುವಿನಲ್ಲಿ ಕೆಲಸ ಮಾಡಿದ್ದು ನಿಯಮವೋ, ಆ ನ್ಯಾಯಾಧೀಶರ ವ್ಯಕ್ತಿತ್ವವೋ, ಅಲ್ಲಿನ ಅಧಿಕಾರಿಗಳ ತಂಡವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಒಂದು ರಾಜ್ಯದ ಪದ್ಧತಿಯನ್ನು ಬೇರು ಸಮೇತ ಕಿತ್ತು ಇನ್ನೊಂದರಲ್ಲಿ ನೆಡಲು ಹೊರಡುವವರು ಈ ಪ್ರಯೋಗವನ್ನು ಓದಲೇಬೇಕು.

ನ್ಯೂಯಾರ್ಕ್ ಹಿಡಿದದ್ದು ಕಾನೂನಿನ ದಾರಿ. 2022ರ ಮಾರ್ಚ್‌ನಿಂದ ಪೂರ್ಣವಾಗಿ ಜಾರಿಯಾದ ಅಲ್ಲಿನ ಕಾನೂನಿನಲ್ಲಿ ಪೆರೋಲ್ ಷರತ್ತಿನ ಹಲವು ತಾಂತ್ರಿಕ (ಅಂದರೆ ಹೊಸ ಅಪರಾಧವಲ್ಲದ) ಉಲ್ಲಂಘನೆಗಳಿಗೆ ಸೆರೆವಾಸವೇ ಇಲ್ಲ. ಉಳಿದವಕ್ಕೆ ಹೆಚ್ಚೆಂದರೆ 30 ದಿನ. ಉಲ್ಲಂಘನೆಯಿಲ್ಲದೆ ಕಳೆದ ಪ್ರತಿ 30 ದಿನಕ್ಕೆ ಅವಧಿಯಿಂದ 30 ದಿನ ಕಡಿತವಾಗುತ್ತದೆ.

ಇಷ್ಟು ಬೇರೆ ಬೇರೆ ನಿಯಮಗಳ ನಡುವೆ, ಒಂದು ರಾಜ್ಯದಲ್ಲಿ ಶಿಕ್ಷೆ ಪಡೆದವನು ಇನ್ನೊಂದಕ್ಕೆ ಹೋಗಬೇಕಾದರೆ? ಇದಕ್ಕಾಗಿ 1937ರಿಂದ ರಾಜ್ಯಗಳ ನಡುವೆ ಒಪ್ಪಂದವಿದ್ದು, ಈಗಿರುವ ರೂಪ 2002ರಿಂದ ಜಾರಿಯಲ್ಲಿದೆ. 50 ರಾಜ್ಯಗಳೂ ಅದರ ಭಾಗ. ವರ್ಗಾವಣೆಯ ಕೋರಿಕೆ ಬಂದರೆ ಸ್ವೀಕರಿಸುವ ರಾಜ್ಯ 45 ದಿನಗಳೊಳಗೆ ಪರಿಶೀಲಿಸಿ ಉತ್ತರಿಸಬೇಕು. ಹೇಗೆ ಮೇಲ್ವಿಚಾರಣೆ ಮಾಡಬೇಕೆಂಬುದನ್ನು ಸ್ವೀಕರಿಸಿದ ರಾಜ್ಯ ತನ್ನ ಪದ್ಧತಿಯಂತೆ ತೀರ್ಮಾನಿಸುತ್ತದೆ, ಎಷ್ಟು ಕಾಲ ಎಂಬುದು ಮಾತ್ರ ಕಳುಹಿಸಿದ ರಾಜ್ಯದ ತೀರ್ಪಿನಂತೆಯೇ ಉಳಿಯುತ್ತದೆ. ಹಾಗಾಗಿ ಜಾರ್ಜಿಯಾದಲ್ಲಿ ಹತ್ತು ವರ್ಷ ಪ್ರೊಬೇಷನ್ ಪಡೆದವನು ಕ್ಯಾಲಿಫೋರ್ನಿಯಾಕ್ಕೆ ಹೋದರೂ ಅಲ್ಲಿನ ಎರಡು ವರ್ಷದ ಮಿತಿ ಅವನಿಗೆ ತಾನಾಗಿ ಸಿಗುವುದಿಲ್ಲ.

ಅಮೆರಿಕದಲ್ಲಿ ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವ ಕನ್ನಡಿಗರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಆರೋಪಿ ತಪ್ಪೊಪ್ಪಿಕೊಂಡರೂ ನ್ಯಾಯಾಧೀಶರು ಅಪರಾಧಿ ಎಂದು ಘೋಷಿಸುವುದನ್ನು ಮುಂದೂಡಿ, ಷರತ್ತಿನ ಅವಧಿ ಸರಿಯಾಗಿ ಮುಗಿದರೆ ಪ್ರಕರಣವನ್ನು ವಜಾ ಮಾಡುವ ಏರ್ಪಾಡಿದೆ. ರಾಜ್ಯದ ಕಾನೂನಿನ ಕಣ್ಣಿನಲ್ಲಿ ಅಂಥವನು ಶಿಕ್ಷಿತನಲ್ಲ. ಆದರೆ ಒಕ್ಕೂಟ ಸರ್ಕಾರದ ವಲಸೆ ಕಾನೂನು ತಪ್ಪೊಪ್ಪಿಗೆ ಮತ್ತು ಯಾವುದಾದರೊಂದು ನಿರ್ಬಂಧ ಇದ್ದರೆ ಸಾಕು, ಅದನ್ನು ಅಪರಾಧ ಸಾಬೀತಾದಂತೆಯೇ ಪರಿಗಣಿಸುತ್ತದೆ. ಸ್ಥಳೀಯವಾಗಿ ಮೃದುವೆಂದು ಕಂಡ ಶಿಕ್ಷೆ ವಲಸಿಗನಿಗೆ ಗಡೀಪಾರಿನ ಕಾರಣವಾಗಬಹುದು. ತಪ್ಪೊಪ್ಪಿಗೆಗೆ ಮುನ್ನ ಈ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಪಡೀಯಾ ವಿರುದ್ಧ ಕೆಂಟಕಿ ಪ್ರಕರಣದಲ್ಲಿ ಹೇಳಿದೆ. ಆ ಸಲಹೆಯನ್ನು ಕೇಳಿ ಪಡೆಯದೆ ಯಾರೂ ಸಹಿ ಹಾಕಬಾರದು.

ರಾಜ್ಯಗಳನ್ನು ಹೋಲಿಸುವ ವರದಿಗಳನ್ನು ಓದುವಾಗಲೂ ಒಂದು ಎಚ್ಚರ ಬೇಕು. ಮರು ಅಪರಾಧದ ಪ್ರಮಾಣ ಎಂದು ಒಂದು ರಾಜ್ಯ ಮರುಬಂಧನವನ್ನು ಎಣಿಸಿದರೆ, ಇನ್ನೊಂದು ಮತ್ತೆ ಶಿಕ್ಷೆಯಾದದ್ದನ್ನು, ಮತ್ತೊಂದು ಕಾರಾಗೃಹಕ್ಕೆ ಮರಳಿದ್ದನ್ನು ಮಾತ್ರ ಎಣಿಸುತ್ತದೆ. ಷರತ್ತು ಮುರಿದವರನ್ನು ಕಾರಾಗೃಹದ ಬದಲು ಜೈಲಿಗೆ ಕಳುಹಿಸುವ ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ, ಜನರ ನಡತೆ ಒಂದಿಷ್ಟೂ ಬದಲಾಗದಿದ್ದರೂ ಮೂರನೆಯ ಲೆಕ್ಕ ತಾನಾಗಿಯೇ ಇಳಿದುಬಿಡುತ್ತದೆ.

ಭಾರತದಲ್ಲಿ ಕಾರಾಗೃಹಗಳು ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ರಾಜ್ಯ ಪಟ್ಟಿಗೆ ಸೇರಿದ ವಿಷಯ. ಪ್ರೊಬೇಷನ್‌ಗೆ 1958ರ ಕೇಂದ್ರ ಕಾಯ್ದೆ ಇದ್ದು, ಅಪರಾಧಿಯಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿದೆ. ಆದರೆ ಅಧಿಕಾರಿಗಳನ್ನು ನೇಮಿಸಿ ನಡೆಸುವುದು ರಾಜ್ಯಗಳ ಕೆಲಸವೇ. ಕೇರಳ ಅದನ್ನು ಸಾಮಾಜಿಕ ನ್ಯಾಯ ಇಲಾಖೆಗೆ ಕೊಟ್ಟಿದೆ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಜನ್ಮದಿನವಾದ ನವೆಂಬರ್ 15ನ್ನು ಪ್ರೊಬೇಷನ್ ದಿನವಾಗಿ ಆಚರಿಸುತ್ತದೆ. ರಾಜಸ್ಥಾನ 1963ರಲ್ಲಿ ಜೈಪುರದ ಬಳಿಯ ಸಾಂಗಾನೇರ್‌ನಲ್ಲಿ ಆರಂಭಿಸಿದ ಬಯಲು ಬಂದೀಖಾನೆಯಲ್ಲಿ ಕೈದಿಗಳು ಕುಟುಂಬದೊಂದಿಗೆ ವಾಸಿಸುತ್ತ, ಹಗಲು ಹೊರಗೆ ದುಡಿದು ಸಂಜೆ ಹಾಜರಿಗೆ ಮರಳುತ್ತಾರೆ. ಕೌಂಟಿಯಂಥ ಸ್ವತಂತ್ರ ಬೊಕ್ಕಸ ನಮ್ಮಲ್ಲಿಲ್ಲ. ಸೆರೆಮನೆಯ ಖರ್ಚೂ ಪ್ರೊಬೇಷನ್ ಅಧಿಕಾರಿಯ ಸಂಬಳವೂ ಒಂದೇ ಸರ್ಕಾರದಿಂದ ಬರುತ್ತವಾದರೂ ಇಲಾಖೆಗಳು ಬೇರೆಯಾದಾಗ ಒಂದರ ಉಳಿತಾಯ ಇನ್ನೊಂದಕ್ಕೆ ತಲುಪುವುದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ವಸ್ತುವನ್ನು ಮೊದಲ ಬಾರಿ ಕದ್ದು ಹಿಂದಿರುಗಿಸಿದವರಿಗೆ, ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ ಮಾಡಿದವರಿಗೆ, ಮಾನಹಾನಿ ಮಾಡಿದವರಿಗೆ, ಹೀಗೆ ಆರು ಅಪರಾಧಗಳಿಗೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ಸೇರಿಸಿದೆ. ಸಮುದಾಯಕ್ಕೆ ಪ್ರಯೋಜನವಾಗುವ, ಸಂಬಳವಿಲ್ಲದ ಕೆಲಸ ಎಂದು, ಅದರೊಂದಿಗೇ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 23ನೆಯ ಕಲಂ ಅದನ್ನು ವಿವರಿಸುತ್ತದೆ. ಆ ಕೆಲಸ ಎಷ್ಟು ಗಂಟೆಯದು, ಆಸ್ಪತ್ರೆಯ ಅಂಗಳದಲ್ಲೋ ಉದ್ಯಾನದಲ್ಲೋ ನಿಂತು ಹಾಜರಿ ಹಿಡಿಯುವವರು ಯಾರು, ಬಾರದಿದ್ದರೆ ಯಾರಿಗೆ ವರದಿ ಕೊಡಬೇಕು, ಆ ಮೇಲ್ವಿಚಾರಕರ ಸಂಬಳ ಯಾವ ಇಲಾಖೆಯ ಲೆಕ್ಕಶೀರ್ಷಿಕೆಯಿಂದ ಬರಬೇಕು ಎಂಬುದನ್ನು ಆ ಕಲಂ ಹೇಳಿಲ್ಲ. ಅದನ್ನು ಒಂದೊಂದು ರಾಜ್ಯವೂ ತನ್ನ ನಿಯಮಗಳಲ್ಲಿ ಬರೆದುಕೊಳ್ಳಬೇಕಾಗಿದೆ.